ನಿಂತ ಗಾಡಿಯ ದೊರೆ

ಜಾಕೆಟ್ಟಿನ ಎಡತೋಳಿನೊಳಗೆ ಕೈ ಇಳಿಯಲೊಲ್ಲದು. ಮಗಳು ಅಪ್ಪನ ಮಣಿಕಟ್ಟು ಹಿಡಿದು ಈ ಕಡೆಯಿಂದ ಎಳೆಯುತ್ತಿದ್ದಳು, ಷೋರೂಮಿನ ಮೆಕ್ಯಾನಿಕ್ ಆ ಕಡೆಯಿಂದ ಭುಜ ಎತ್ತಿ ಹಿಡಿದಿದ್ದ. ಬದುಕಿದ್ದಾಗ ಇದೇ ಜಾಕೆಟ್ಟನ್ನು ಒಂದೇ ಬೀಸಿಗೆ ತೊಟ್ಟು, ಕಾಲರನ್ನು ಬೆರಳ ತುದಿಯಲ್ಲಿ ಸರಿಮಾಡಿಕೊಂಡು ಷೋರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಮನುಷ್ಯ ಈಗ ಮೊಣಕೈ ಬಗ್ಗಿಸುವುದಕ್ಕೂ ಒಪ್ಪದೆ ಮಲಗಿದ್ದ. ಕೊನೆಗೆ ಮೆಕ್ಯಾನಿಕ್ ಕತ್ತರಿ ಕೇಳಿ ಪಡೆದು, ಜಾಕೆಟ್ಟಿನ ಬೆನ್ನನ್ನು ಕತ್ತಿನಿಂದ ಸೊಂಟದವರೆಗೆ ಸೀಳಿದ. ಎರಡು ಹೋಳು ಮಾಡಿ ತೊಡಿಸಿ, ಅಂಚುಗಳನ್ನು ಬೆನ್ನ ಕೆಳಗೆ ಸಿಕ್ಕಿಸಿದರು. ನೋಡಲು ಬಂದವರಿಗೆ ಏನೂ ಗೊತ್ತಾಗುವಂತಿರಲಿಲ್ಲ.

"ಮುಂದಿನಿಂದ ಚೆನ್ನಾಗಿ ಕಂಡ್ರೆ ಸಾಕು ಅಂತಿದ್ರು ದೊರೆ," ಎಂದ ಮೆಕ್ಯಾನಿಕ್. ಅಂದ ಮೇಲೆ ಅದು ತಮಾಷೆಯಾಯಿತೋ ಏನೋ ಎಂದು ಅಳುಕಿ, ಕತ್ತರಿಯನ್ನು ಕಿಟಕಿಯ ಮೇಲಿಟ್ಟ.

ದೊರೆ ಅನ್ನುವುದು ಷೋರೂಮಿನವರು ಇಟ್ಟ ಹೆಸರು. ಊರಿಗೂ ಅದೇ ಗೊತ್ತಿತ್ತು. ಹಳೆಯ ಕಾಲದ ಮೋರೆಯಿಟ್ಟು ಮಾಡಿದ ಆ ಹೊಸ ಕ್ರೂಸರ್ ಮೋಟಾರ್ ಸೈಕಲ್ಲಿನ ಮೇಲೆ ಅವನು ಕೂತರೆ ಗಿರಾಕಿಗಳಿಗೆ ಗಾಡಿಯೂ ಅವನೂ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಅವನ ಸಂಬಳವೇ ಅದಕ್ಕೆ. ಸತ್ತದ್ದೂ ಅದರ ಮೇಲೆಯೇ. ಮೊನ್ನೆ ಮಧ್ಯಾಹ್ನ ಒಬ್ಬ ಗಿರಾಕಿ ಫೋಟೋ ತೆಗೆಯುತ್ತಿದ್ದಾಗ ಹ್ಯಾಂಡಲಿನ ಮೇಲೆ ಎರಡೂ ಕೈ ಚಾಚಿಕೊಂಡು ಟ್ಯಾಂಕಿನತ್ತ ತುಸು ಬಗ್ಗಿದ. ಗಾಡಿಯಲ್ಲಿ ಏನನ್ನೋ ನೋಡುತ್ತಿದ್ದಾನೆ ಎಂದುಕೊಂಡು ಗಿರಾಕಿ ಇನ್ನೂ ನಾಲ್ಕಾರು ಫೋಟೋ ತೆಗೆದ, ಈ ಭಂಗಿ ಮೊದಲಿನದಕ್ಕಿಂತ ಚೆನ್ನಾಗಿದೆ ಎಂದೂ ಹೇಳಿದನಂತೆ. ಅಲ್ಲಾಡದೆ ಕೂತಿರುವುದೇ ಕೆಲಸವಾದ ಮನುಷ್ಯ ಅಲ್ಲಾಡದಿದ್ದರೆ ಯಾರಿಗೆ ಅನುಮಾನ ಬಂದೀತು?

ಹೆಂಡತಿ ಅಡುಗೆಮನೆಯಲ್ಲಿದ್ದಳು. ಆಸ್ಪತ್ರೆಯವರು ಹೆಣ ಇಳಿಸಿ ಹೋದಾಗಿನಿಂದ ಅವಳು ನಡುಮನೆಗೆ ಕಾಲಿಟ್ಟಿರಲಿಲ್ಲ. ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತ, ತೊಳೆದ ಲೋಟಗಳನ್ನು ಮತ್ತೆ ತೊಳೆಯುತ್ತ ನಿಂತಿದ್ದಳು. ಬಂದ ನೆಂಟರು ಅಡುಗೆಮನೆಯ ಬಾಗಿಲವರೆಗೆ ಬಂದು, ಅವಳ ಬೆನ್ನು ನೋಡಿ, ಹಾಗೇ ಹಿಂದಕ್ಕೆ ಹೋಗುತ್ತಿದ್ದರು.

ಅವಳ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಮಗ ಆ ಷೋರೂಮಿನ ಗಾಡಿಯಿಂದ ಬಿದ್ದು ಸತ್ತಿದ್ದ. ಗಾಡಿ ಕೊಡಿಸಿದವನು ಅಪ್ಪ. ಮಗ ಹೋಗಿ ತಿಂಗಳು ತುಂಬುವ ಮೊದಲೇ ಅಪ್ಪ ಮತ್ತೆ ಅದೇ ಮಾದರಿಯ ಗಾಡಿಯ ಮೇಲೆ ಹೋಗಿ ಕೂತಿದ್ದ. ಆಮೇಲೆ ಎಷ್ಟೋ ವರ್ಷ ಗಂಡಹೆಂಡಿರ ನಡುವೆ ಮಾತು ಬೇಕಾದಷ್ಟಿತ್ತು. ಸೋರುವ ನಲ್ಲಿಯ ಮಾತು, ಮಗಳ ಮದುವೆಯ ಮಾತು. ಮಗನ ಮಾತೊಂದು ಇರಲಿಲ್ಲ. ಅವಳು ಕಾದಳು. ಒಂದಲ್ಲ ಒಂದು ದಿನ ಅವನಾಗಿಯೇ ಬಾಯಿ ಬಿಟ್ಟಾನು, ಆ ಗಾಡಿ ಕೊಡಿಸಿದ್ದಕ್ಕೆ ತನ್ನ ಕರುಳು ಸುಡುತ್ತಿದೆ ಎಂದು ಹೇಳಿಯಾನು ಎಂದು ಕಾದಳು. ಅವನು ಹೇಳದೆಯೇ ಹೋಗಿಬಿಟ್ಟ. ಈಗ ಅವನ ಮುಖ ನೋಡಬೇಕೋ ಬೇಡವೋ, ಸ್ಮಶಾನದವರೆಗೆ ಜೊತೆಗೆ ಹೋಗಬೇಕೋ ಬೇಡವೋ, ಅವಳಿಗೆ ಬಗೆಹರಿಯದು. ಮಗನ ಸಾವಿಗೆ ಒಂದು ಹನಿ ನೋಯದ ಮನುಷ್ಯನ ಹಿಂದೆ ನಡೆದು ಹೋಗುವುದು ಮಗನಿಗೇ ಮಾಡಿದ ದ್ರೋಹದಂತೆ ಅವಳಿಗೆ ಕಾಣುತ್ತಿತ್ತು.

ಹೊರಗೆ ಬೀದಿಯ ತುದಿಯಲ್ಲಿ ಗುಡುಗುಟ್ಟುವ ಸದ್ದು ಎದ್ದಿತು. ಕಿಟಕಿಯ ಗಾಜು ಅದುರಿತು. ಒಂದರ ಹಿಂದೊಂದು ಗಾಡಿಗಳು ಬಂದು ಮನೆಯ ಮುಂದೆ ಸಾಲಾಗಿ ನಿಂತವು. ಎಲ್ಲವೂ ಅದೇ ಮಾದರಿ, ಎಲ್ಲವೂ ದೊರೆ ಒಪ್ಪಿಸಿ ಕಳಿಸಿದಂಥವು.

*

ಅವನು ಮೊದಲು ಕೋಟು ಹೊಲಿಯುವ ಅಂಗಡಿಯಲ್ಲಿ ಅಳತೆ ತೆಗೆಯುವವನಾಗಿದ್ದ. ಎತ್ತರದ ಆಳು, ಅಗಲ ಭುಜ, ನೆಟ್ಟ ಬೆನ್ನು. ಕೋಟು ಹೊಲಿಸಲು ಬಂದ ಷೋರೂಮಿನ ಯಜಮಾನರು ತಮ್ಮ ಅಳತೆ ಕೊಡುವುದನ್ನು ಬಿಟ್ಟು ಅವನನ್ನೇ ಕನ್ನಡಿಯಲ್ಲಿ ನೋಡುತ್ತ ನಿಂತರು. ನಾಳೆಯಿಂದ ನನ್ನಲ್ಲಿಗೆ ಬಾ, ಅಲ್ಲಿ ನಿನಗೆ ಸುಮ್ಮನೆ ಕೂರುವ ಕೆಲಸ ಎಂದರು.

ಸುಮ್ಮನೆ ಕೂರುವುದನ್ನು ಅವನು ಒಂದು ವಿದ್ಯೆಯನ್ನಾಗಿ ಮಾಡಿಕೊಂಡ. ಗಾಡಿಯ ಮೇಲೆ ಕೂತವನಿಗೆ ಗಾಡಿಯೂ ಕಾಣುವುದಿಲ್ಲ, ತಾನೂ ಕಾಣುವುದಿಲ್ಲ ಎಂಬುದು ಅವನ ಮೊದಲ ಪಾಠ. ಅದಕ್ಕೇ ಮೊದಲು ತಾನು ಕೂತು ಗಿರಾಕಿಗೆ ತೋರಿಸುತ್ತಿದ್ದ. ಆಮೇಲೆ ಗಿರಾಕಿಯನ್ನು ಕೂರಿಸಿ, ತಾನು ಹಿಂದೆ ಸರಿದು, ಒಂದು ಕಣ್ಣು ಅರೆಮುಚ್ಚಿ ನೋಡುತ್ತಿದ್ದ. ಅವನು ನೋಡುತ್ತಿದ್ದದ್ದು ಗೆರೆಯನ್ನು. ದುಂಡನೆಯ ಹೆಡ್‌ಲೈಟಿನಿಂದ ಹೊರಟು, ಹನಿಯಂತೆ ಇಳಿಯುವ ಟ್ಯಾಂಕಿನ ಮೇಲೆ ಹಾದು, ತಗ್ಗಿನ ಸೀಟಿಗೆ ಜಾರಿ, ಹಿಂದಿನ ಮಡ್‌ಗಾರ್ಡಿನಲ್ಲಿ ಮುಗಿಯುವ ಗೆರೆ. ಕೂತವನ ಬೆನ್ನು ಆ ಗೆರೆಯನ್ನು ಕಡಿಯಬಾರದು. ಕಡಿದರೆ ಗಾಡಿ ಅವನದಲ್ಲ, ಯಾರದ್ದೋ ತಂದು ಕೂತಂತೆ ಕಾಣುತ್ತದೆ. ಕ್ರೋಮ್ ಹೆಚ್ಚು ಬೇಕೆಂದವರಿಗೆ ಪಾತ್ರೆ ಅಂಗಡಿಗೆ ಹೋಗಿ ಎನ್ನುತ್ತಿದ್ದ. ಸೈಲೆನ್ಸರಿನ ಸದ್ದು ಮಾತಾಡಿದಂತಿರಬೇಕು, ಜಗಳ ಆಡಿದಂತಲ್ಲ ಎನ್ನುತ್ತಿದ್ದ. ಬಣ್ಣದಲ್ಲಿ ಕಡುಹಸಿರು, ಕಪ್ಪು ಬಿಟ್ಟರೆ ಉಳಿದದ್ದೆಲ್ಲ ಆಟಿಕೆ ಎಂದು ಅವನ ತೀರ್ಮಾನ. ಈ ತೀರ್ಮಾನಗಳನ್ನು ಕೇಳಲೆಂದೇ ಕೆಲವರು ಬರುತ್ತಿದ್ದರು. ಅವನು "ಒಪ್ಪುತ್ತೆ" ಎಂದು ಒಂದು ಮಾತು ಅಂದರೆ ಮುಗಿಯಿತು, ಮನೆಯಲ್ಲಿ ಹೆಂಡತಿ ಬೇಡವೆಂದರೂ ಗಾಡಿ ಮನೆಗೆ ಬರುತ್ತಿತ್ತು.

ಅವನಿಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತಿರಲಿಲ್ಲ. ಹರೆಯದಲ್ಲಿ ಕಲಿಯಲು ಹೋಗಿ ಬಿದ್ದು, ಆಮೇಲೆ ಧೈರ್ಯ ಬಂದಿರಲಿಲ್ಲ. ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ, ಹಿಂದಿನ ಷೆಡ್ಡಿನಲ್ಲಿ ಬೂಟು, ಜಾಕೆಟ್ಟು ತೊಟ್ಟು ಬರುತ್ತಿದ್ದ. ಇದು ಯಜಮಾನರನ್ನು, ಮೆಕ್ಯಾನಿಕ್‌ನನ್ನು, ಮನೆಯವರನ್ನು ಬಿಟ್ಟರೆ ಯಾರಿಗೂ ತಿಳಿಯದು. ಷೋರೂಮಿನ ಗಾಡಿ ಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ನಿಂತಿರುತ್ತದೆ, ಅದರ ಭಾರ ಕೂತವನಿಗೆ ಗೊತ್ತಾಗುವುದಿಲ್ಲ. ಅವನ ಮೂವತ್ತು ವರ್ಷದ ಬದುಕು ಆ ನಿಂತ ಗಾಡಿಯ ಮೇಲೆಯೇ ಕಳೆದುಹೋಯಿತು.

*

ಆ ಗಾಡಿಗಳ ಸವಾರರು ಕಟ್ಟಿಕೊಂಡಿದ್ದ ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಹೊಟ್ಟೆ ಮುಂದೆ ಬಂದ, ಕೂದಲು ಹಿಂದೆ ಸರಿದ ಒಳ್ಳೆಯ ಮನುಷ್ಯ. ಚರ್ಮದ ಜಾಕೆಟ್ಟಿನೊಳಗೆ ಬೆವರುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾವೆಲ್ಲ ಸೇರಿ ಒಂದು ಏರ್ಪಾಡು ಮಾಡಿರುವುದಾಗಿ ಹೇಳಿದರು. ಒಂದು ಗಾಡಿಯ ಹಿಂದೆ ಎಳೆದುಕೊಂಡು ಹೋಗಲು ಚಕ್ರವಿರುವ ಹಲಗೆ ಕಟ್ಟಿದ್ದಾರೆ, ಹೂವಿನಿಂದ ಸಿಂಗರಿಸಿದ್ದಾರೆ. ಅದರ ಮೇಲೆ ದೊರೆಯನ್ನು ಮಲಗಿಸಿ, ಮುಂದೆ ಹಿಂದೆ ಗಾಡಿಗಳ ಸಾಲು ಮಾಡಿ, ಪೇಟೆಯ ದೊಡ್ಡ ಬೀದಿಯಲ್ಲಿ ಹಾದು, ಷೋರೂಮಿನ ಮುಂದೆ ಎಲ್ಲರೂ ಒಟ್ಟಿಗೆ ಎಂಜಿನ್ ಮೊರೆಸಿ, ಆಮೇಲೆ ಸ್ಮಶಾನಕ್ಕೆ.

"ಅಂಥ ರೈಡರು ಇನ್ನು ಹುಟ್ಟಲ್ಲಮ್ಮ. ಬೆಟ್ಟದ ರಸ್ತೆಯಲ್ಲಿ ಮಂಜಿನೊಳಗೆ ಒಬ್ಬರೇ ಹೋದ ಕತೆ ಹೇಳ್ತಿದ್ರಲ್ಲ, ನನಗೆ ಈಗಲೂ ಮೈ ಜುಮ್ಮನ್ನುತ್ತೆ," ಎಂದರು.

ಬೆಟ್ಟದ ರಸ್ತೆಗೆ ಅವನು ಹೋದದ್ದು ಒಮ್ಮೆ, ಬಸ್ಸಿನಲ್ಲಿ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿದ್ದ. ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದವಳು ಇವಳೇ. ಇನ್ನೊಂದು ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇವತ್ತು ಬಟ್ಟೆ ಹಿಂಡುತ್ತ, ಮಗಳನ್ನು ಕೇಳಿ ಎಂದಳು. ಮಗಳು ಅಮ್ಮನನ್ನೇ ಕೇಳಿ ಎಂದಿದ್ದಾಳೆ ಎಂದರು ಡಾಕ್ಟರು. ಸ್ವಲ್ಪ ಹೊತ್ತು ಬಿಟ್ಟು ಹೇಳುತ್ತೇನೆ ಎಂದು ಅವಳು ಅವರನ್ನು ಸಾಗಹಾಕಿದಳು.

ಡಾಕ್ಟರು ಹೋದ ಮೇಲೆ ಮಗಳು ಬಂದಳು. ಅಮ್ಮನ ಕೈಯಿಂದ ಬಟ್ಟೆ ಕಸಿದುಕೊಂಡು ಬದಿಗೆಸೆದಳು.

"ಅಮ್ಮ, ಮುಖ ಆದ್ರೂ ನೋಡು. ಆಮೇಲೆ ಬೇಕಂದ್ರೂ ಸಿಗಲ್ಲ."

"ನಿಮ್ಮಣ್ಣನ ಮುಖ ನೋಡೋಕೆ ನನ್ನ ಬಿಟ್ರಾ ಆವತ್ತು? ಮುಚ್ಚಿಟ್ರು. ನೋಡಬೇಡ, ನೋಡೋ ಹಾಗಿಲ್ಲ ಅಂದ್ರು. ಅಂದೋರು ನಿಮ್ಮಪ್ಪನೇ."

ಮಗಳು ಬಗ್ಗಿದಳು. ಬಟ್ಟೆ ಎತ್ತಿಕೊಟ್ಟು ಹೋದಳು.

*

ಮಗ ಅಪ್ಪನ ಎತ್ತರಕ್ಕೆ ಬರಲಿಲ್ಲ. ತಾಯಿಯ ಕಡೆಯ ಸಣ್ಣ ಮೈಕಟ್ಟು, ಸಣ್ಣ ಸೊಂಟ. ಕಾಲೇಜು ಮುಗಿದ ವರ್ಷ ಅವನಿಗೆ ಗಾಡಿಯ ಹುಚ್ಚು ಹತ್ತಿತು. ಅಪ್ಪನೂ ಒಳಗೊಳಗೇ ಅದಕ್ಕಾಗಿ ಕಾಯುತ್ತಿದ್ದನೋ ಏನೋ. ಕೇಳಿದ ಕೂಡಲೇ ಒಪ್ಪಿದ. ತಾನು ಓಡಿಸಲಾರದ ಗಾಡಿಯನ್ನು ಮಗ ಓಡಿಸುವುದು ಅವನಿಗೆ ಎಂಥ ಸುಖ ಕೊಟ್ಟಿರಬೇಕು ಎಂಬುದು ಹೆಂಡತಿಗೆ ಅವನ ನಡಿಗೆಯಲ್ಲೇ ಕಂಡಿತ್ತು.

ಗಾಡಿ ಒಪ್ಪಿಸುವ ದಿನ ಅವಳೂ ಷೋರೂಮಿಗೆ ಹೋಗಿದ್ದಳು. ಕಡುಹಸಿರು ಗಾಡಿ. ಮಗ ಹತ್ತಿ ಕೂತ. ಗಂಡ ಹಿಂದೆ ಸರಿದು ಕಣ್ಣು ಅರೆಮುಚ್ಚಿ ನೋಡಿದ. ಮುಖ ಸಣ್ಣಗೆ ಸಿಂಡರಿಸಿತು. ಹತ್ತಿರ ಬಂದು ಮಂಡಿಯೂರಿ ಕೂತು, ಕೋಟಿನ ಅಂಚು ನೋಡುವವನಂತೆ ಸೀಟಿನ ಕೆಳಗೆ ನೋಡಿದ. ಎದ್ದು ಮೆಕ್ಯಾನಿಕ್ ಕಡೆ ಎರಡು ಬೆರಳು ಜೋಡಿಸಿ ತೋರಿಸಿದ. ಮೆಕ್ಯಾನಿಕ್ ಏನೋ ಅಂದ, ಇವನು ನಕ್ಕು ಕೈ ಬೀಸಿದ. ಗಾಡಿ ಷೆಡ್ಡಿಗೆ ಹೋಗಿ ಒಂದಷ್ಟು ಹೊತ್ತಿನ ಮೇಲೆ ಬಂತು. ಮಗ ಮತ್ತೆ ಹತ್ತಿ ಕೂತ. ಈ ಸಲ ಗಂಡನ ಮುಖ ಅರಳಿತು. ಎಲ್ಲ ಕಡೆಯಿಂದ ನೋಡಿದ, ಗಾಜಿನ ಹೊರಗೆ ಬೀದಿಗೆ ಹೋಗಿ ಅಲ್ಲಿಂದಲೂ ನೋಡಿ ಬಂದ.

"ನಿನಗೇ ಎರಕ ಹೊಯ್ದ ಹಾಗಿದೆ ಕಣೋ," ಎಂದ.

ನಿಜವಾಗಿಯೂ ಹಾಗೇ ಇತ್ತು. ಅವಳಿಗೂ ಹೆಮ್ಮೆಯಾಗಿತ್ತು. ಅಷ್ಟು ಚೆನ್ನಾಗಿ ಮಗ ಎಂದೂ ಕಂಡಿರಲಿಲ್ಲ. ಆರು ತಿಂಗಳ ಮೇಲೆ ಊರ ಹೊರಗಿನ ಒಂದು ಸುಮಾರಾದ ತಿರುವಿನಲ್ಲಿ, ಒಣಗಿದ ರಸ್ತೆಯಲ್ಲಿ, ಎದುರಿಗೆ ಯಾರೂ ಬಾರದೆ ಇದ್ದಾಗ ಅವನು ಬಿದ್ದ. ವೇಗ ಹೆಚ್ಚಿತ್ತು ಎಂದರು ನೋಡಿದವರು. ಹಣೆಬರಹ ಎಂದರು ನೆಂಟರು. ಅವಳಿಗೆ ಎರಡೂ ಬೇಕಿರಲಿಲ್ಲ. ಗಾಡಿ ಕೊಡಿಸಿದವನ ಬಾಯಿಂದ ಒಂದು ಮಾತು ಬೇಕಿತ್ತು.

*

ಮೆಕ್ಯಾನಿಕ್ ನೀರು ಕುಡಿಯಲು ಒಳಗೆ ಬಂದ. ಲೋಟ ಖಾಲಿ ಮಾಡಿ ಹಾಗೇ ನಿಂತುಕೊಂಡ. ಮನೆಯವನಂತೆ ಓಡಾಡಿಕೊಂಡಿದ್ದವನು, ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದ. ಮಗ ಹೋದ ಮೇಲೆ ಮನೆಗೆ ಬರುವುದನ್ನು ಕಡಿಮೆ ಮಾಡಿದ್ದ.

"ಅತ್ತಿಗೆ, ಗಾಡಿಗಳನ್ನ ಬೇಡ ಅನ್ಬೇಡಿ. ನಿಮ್ಮ ಸಿಟ್ಟು ಸುಳ್ಳಲ್ಲ. ಆ ಎರಡು ಬೆರಳಿನ ಕೆಲಸ ನಾನೂ ಮರೆತಿಲ್ಲ. ಆದ್ರೆ ಆವತ್ತಿಂದ ದೊರೆ ಬದುಕಿದ್ದು ಒಂದು ಬದುಕಾ? ಇವತ್ತೊಂದು ದಿನ ಬಿಟ್ಟುಬಿಡಿ."

ಅವಳು ತಿರುಗಿದಳು. "ಯಾವ ಎರಡು ಬೆರಳು?"

ಮೆಕ್ಯಾನಿಕ್ ಲೋಟವನ್ನು ಕಟ್ಟೆಯ ಮೇಲಿಡಲು ಹೋಗಿ ಕೈಯಲ್ಲೇ ಇಟ್ಟುಕೊಂಡ. ಅವಳ ಮುಖ ನೋಡಿದ. ಇಷ್ಟು ವರ್ಷ ಗೊತ್ತಿದೆ ಎಂದುಕೊಂಡದ್ದು ಅವಳಿಗೆ ಗೊತ್ತೇ ಇಲ್ಲ ಎಂಬುದು ಅವನ ತಲೆಗೆ ನಿಧಾನವಾಗಿ ಇಳಿಯಿತು. ಮಾತು ಬೇರೆ ಕಡೆ ತಿರುಗಿಸಲು ನೋಡಿದ. ಅವಳು ಬಾಗಿಲಿಗೆ ಅಡ್ಡ ನಿಂತಳು.

ಆಮೇಲೆ ಅವನು ತಡವರಿಸುತ್ತ ಹೇಳಿದ. ಆ ಗಾಡಿ ಮೊದಲೇ ತಗ್ಗು. ಹುಡುಗನ ಸಣ್ಣ ಮೈಗೆ ಸೀಟು ಎತ್ತರವಾಗಿ, ಬೆನ್ನು ಗೆರೆಯ ಮೇಲೆ ಎದ್ದು ಕಾಣುತ್ತಿತ್ತು. ಎರಡು ಬೆರಳಷ್ಟು ಇಳಿಸು ಎಂದ ದೊರೆ. ಷಾಕ್ ಅಬ್ಸಾರ್ಬರ್ ಬದಲಾಯಿಸಿ ಇಡೀ ಗಾಡಿಯನ್ನು ಇಳಿಸಿದರು. ನೋಟ ಕೂಡಿಬಂತು. ಆದರೆ ಗಾಡಿ ಇಳಿದರೆ ಕಾಲಿಡುವ ಫುಟ್‌ರೆಸ್ಟೂ ನೆಲದ ಹತ್ತಿರಕ್ಕೆ ಇಳಿಯುತ್ತದೆ. ನೇರ ರಸ್ತೆಯಲ್ಲಿ ತೊಂದರೆಯಿಲ್ಲ. ತಿರುವಿನಲ್ಲಿ ಗಾಡಿ ವಾಲಿದಾಗ ಕಬ್ಬಿಣ ರಸ್ತೆಗೆ ಊರಿಕೊಂಡು ಚಕ್ರವನ್ನು ಎತ್ತಿಬಿಡುತ್ತದೆ.

"ನಾನು ಹೇಳ್ದೆ ಅತ್ತಿಗೆ, ತಿರುವಲ್ಲಿ ತಗುಲುತ್ತೆ ಅಂತ. ಅವನೇನು ರೇಸಿಗೆ ಹೋಗ್ತಾನಾ ಅಂತ ನಕ್ಕುಬಿಟ್ರು. ಓಡಿಸಿ ಗೊತ್ತಿದ್ದೋರಿಗೆ ಹೇಳಿದ್ರೆ ಅರ್ಥ ಆಗ್ತಿತ್ತು. ಅವರು ಕಂಡಿದ್ದು ನಿಂತ ಗಾಡಿ ಒಂದೇ."

ಬಿದ್ದ ಗಾಡಿಯನ್ನು ಷೆಡ್ಡಿಗೆ ತಂದಾಗ ಬಲಗಡೆಯ ಫುಟ್‌ರೆಸ್ಟು ಅರ್ಧ ಸವೆದು ಮಡಚಿಕೊಂಡಿತ್ತಂತೆ. ದೊರೆ ಬಂದು ಸವೆದ ಕಬ್ಬಿಣದ ಮೇಲೆ ಬೆರಳಾಡಿಸಿದ. ಬಹಳ ಹೊತ್ತು ಹಾಗೇ ಕೂತಿದ್ದ.

"ಎದ್ದು ಹೋಗುವಾಗ ಒಂದೇ ಮಾತು ಕೇಳಿದ್ರು. ಅವಳಿಗೆ ಗೊತ್ತಾ ಅಂತ. ನಾನು, ಗೊತ್ತಿರುತ್ತೆ, ಪೊಲೀಸಿನವರು ಗಾಡಿ ನೋಡಿ ಎಲ್ಲ ಹೇಳಿರ್ತಾರೆ ಅಂದೆ. ನಂಗೆ ಹಾಗೇ ಅನ್ನಿಸಿತ್ತು. ಆಮೇಲೆ ಯಾವಾಗ ನಿಮ್ಮ ಮಾತು ಬಂದ್ರೂ, ಎಲ್ಲ ಗೊತ್ತಿದ್ದೂ ಒಂದು ಮಾತು ಆಡಲಿಲ್ಲ ಅವಳು, ಒಂದು ಸಲ ಬೈಯಲೂ ಇಲ್ಲ ಅಂತಿದ್ರು. ನನ್ನ ಹತ್ರ ಮಗನ ಮಾತೇ ಎತ್ತೋದು ಬೇಡ ಅಂತ ಅವಳ ತೀರ್ಮಾನ, ಅದನ್ನ ನಾನು ಮೀರಬಾರದು ಅಂತಿದ್ರು."

ಅವಳು ಕಟ್ಟೆಗೆ ಒರಗಿ ನಿಂತಳು. ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ ಉಂಡುಕೊಂಡು, ಅವಳು ಅವನ ಮಾತಿಗೆ ಕಾದಿದ್ದಳು. ಅವನು ಅವಳ ಮೌನವನ್ನು ಶಿಕ್ಷೆಯೆಂದು ಹೊತ್ತುಕೊಂಡು ಬದುಕಿದ್ದ. ಇದಕ್ಕೆ ಅಳಬೇಕೋ, ತಲೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಮಗನನ್ನು ಕೊಂದದ್ದು ಗಂಡನ ಕಣ್ಣೇ ಎಂಬುದು ಈಗಷ್ಟೇ ಗೊತ್ತಾಗಿತ್ತು. ಸಿಟ್ಟು ಹೊಸದಾಗಿ ಹೊತ್ತಿಕೊಂಡಿತ್ತು, ಸುಡುವುದಕ್ಕೆ ಮನುಷ್ಯನೇ ಇರಲಿಲ್ಲ.

"ಗೊತ್ತಿದ್ರೆ ಬೈತಿದ್ದೆ," ಎಂದಳು. "ಬಾಯಿಗೆ ಬಂದ ಹಾಗೆ ಬೈತಿದ್ದೆ. ಬೈಸ್ಕೊಂಡು ಬದುಕಬಹುದಿತ್ತು ಅವರು."

ಮೆಕ್ಯಾನಿಕ್ ತಲೆ ತಗ್ಗಿಸಿ ಹಿತ್ತಲ ಬಾಗಿಲಿಂದ ಹೊರಗೆ ಹೋದ.

*

ಅವಳು ನಡುಮನೆಗೆ ಬಂದಾಗ ಮಾತುಗಳು ನಿಂತವು. ಹೆಣದ ಕಾಲಬಳಿ ಒಬ್ಬ ಯುವಕ ನಿಂತಿದ್ದ. ಸಾದಾ ಅಂಗಿ, ಹೆಗಲಿಗೆ ಬಟ್ಟೆಯ ಚೀಲ. ಕ್ಲಬ್ಬಿನವರ ಜಾಕೆಟ್ಟುಗಳ ನಡುವೆ ದಾರಿ ತಪ್ಪಿ ಬಂದವನಂತೆ ಕಾಣುತ್ತಿದ್ದ. ಯಾರಪ್ಪ ನೀನು ಎಂದು ಅವಳು ಕೇಳಿದಳು. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಎಂದ. ಗಾಡಿ ತೆಗೆದುಕೊಂಡವನಾ ಎಂದರೆ, ಇಲ್ಲ, ತೆಗೆದುಕೊಳ್ಳದವನು ಎಂದ.

ಕಾಲೇಜು ಮುಗಿದ ಹೊಸದರಲ್ಲಿ ಗೆಳೆಯರ ದಂಡು ಕಟ್ಟಿಕೊಂಡು ಷೋರೂಮಿಗೆ ಹೋಗಿದ್ದನಂತೆ. ಗಾಡಿಯ ಮೇಲೆ ಕೂತ. ದೊರೆ ದೂರ ನಿಂತು ನೋಡಿದ. ಎಮ್ಮೆಯ ಮೇಲೆ ಕೂತ ಕಾಗೆಯಂತೆ ಕಾಣುತ್ತೀಯ, ಇಳಿ, ಈ ಜನ್ಮದಲ್ಲಿ ಇದು ನಿನಗೆ ಒಪ್ಪುವುದಿಲ್ಲ ಎಂದುಬಿಟ್ಟ. ಗೆಳೆಯರೆಲ್ಲ ಬಿದ್ದು ಬಿದ್ದು ನಕ್ಕರು. ಅವತ್ತು ಬಚ್ಚಲಲ್ಲಿ ಕೂತು ಅತ್ತಿದ್ದೆ ಎಂದು ಮೇಷ್ಟ್ರು ಹೇಳಿಕೊಂಡ.

"ಆದ್ರೆ ಅಮ್ಮ, ಎದುರಿಗಿನ ಗಾಜಲ್ಲಿ ನನ್ನನ್ನ ನಾನೇ ನೋಡ್ಕೊಂಡಿದ್ದೆ. ಕೆಟ್ಟದಾಗೇನೂ ಕಾಣ್ತಿರಲಿಲ್ಲ. ಯಾಕೆ ಹಾಗಂದ್ರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಒಂದು ದಿನ ಹೋಗಿ ಕೇಳಬೇಕು ಅಂತಿದ್ದೆ. ಅಷ್ಟರಲ್ಲಿ ಹೀಗಾಯ್ತು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಣ್ಣ ಮೈಕಟ್ಟು, ಸಣ್ಣ ಸೊಂಟ.

ಗೋಡೆಗೆ ಒರಗಿ ಕೂತಿದ್ದ ಷೋರೂಮಿನ ಯಜಮಾನರಿಗೆ ಇದು ಹಳೆಯ ನೋವು ಕೆದಕಿದಂತಾಯಿತು. ಇವನೊಬ್ಬನೇ ಅಲ್ಲ ಎಂದರು. ಮಗ ಹೋದ ಮೇಲೆ ಮೀಸೆ ಚಿಗುರುವ ವಯಸ್ಸಿನ ಯಾರು ಬಂದರೂ ದೊರೆ ಹೀಗೇ ಹೀಯಾಳಿಸಿ ಓಡಿಸುತ್ತಿದ್ದ. ಹೊಟ್ಟೆ ಬಂದವರಿಗೆ, ತಲೆ ನರೆತವರಿಗೆ ಮಾತ್ರ ಒಪ್ಪುತ್ತೆ ಎನ್ನುತ್ತಿದ್ದ. ಗಾಡಿ ಇಳಿಸಿಕೊಡಿ ಎಂದವರ ಮೇಲಂತೂ ಕೈ ಎತ್ತಿಕೊಂಡೇ ಹೋಗುತ್ತಿದ್ದ. ಕೆಲಸದಿಂದ ತೆಗೆಯಬೇಕೆಂದುಕೊಂಡರೂ ಅವನಂತೆ ಕೂರುವ ಆಳು ಸಿಗಲಿಲ್ಲ. ಹಲ್ಲಿನ ಡಾಕ್ಟರು ಇದನ್ನು ಕೇಳುತ್ತ, ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು.

"ಹಾಗೆ ಓಡಿಸಿದ ಹುಡುಗರು ಏನಾದ್ರು?" ಎಂದು ಅವಳು ಕೇಳಿದಳು.

"ಏನಾಗ್ತಾರೆ. ಈ ಮೇಷ್ಟ್ರಂಥೋರು ಒಬ್ರೋ ಇಬ್ರೋ. ಉಳಿದೋರು ಎದುರಿಗಿನ ಅಂಗಡಿಗೆ ಹೋಗಿ ಇದಕ್ಕಿಂತ ಜೋರಾಗಿ ಓಡೋದನ್ನೇ ತಗೊಂಡ್ರು."

"ಎಲ್ರೂ ಚೆನ್ನಾಗಿದಾರಾ?"

ಯಜಮಾನರಿಗೆ ಅದು ಗೊತ್ತಿರಲಿಲ್ಲ. ದೊರೆಗೂ ಗೊತ್ತಿದ್ದಿರಲಾರದು.

ಅವಳು ಹೋಗಿ ಹೆಣದ ತಲೆಯ ಹತ್ತಿರ ಕೂತಳು. ಮುಖ ನೋಡಿದಳು. ಚೆಂದದ ಮುಖವೇ, ಸಾವು ಅದನ್ನೇನೂ ಕೆಡಿಸಿರಲಿಲ್ಲ. ಅದೂ ಅವಳಿಗೆ ಸಿಟ್ಟು ತರಿಸಿತು. ಎಲ್ಲರೆದುರೇ, ದನಿ ತಗ್ಗಿಸದೆ, ಅವಳು ಅವನನ್ನು ಬೈದಳು. ಬಾಯಿ ಸತ್ತವನೇ ಎಂದಳು. ಚೆಂದ ನೋಡಿ ನೋಡಿ ನನ್ನ ಮಗನನ್ನು ತಿಂದೆಯಲ್ಲ ಎಂದಳು. ಒಂದು ದಿನ ಹತ್ತಿರ ಕೂತು, ನನ್ನಿಂದ ಹೀಗಾಯಿತು ಕಣೇ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದಳು. ಜೀವಮಾನದಲ್ಲಿ ಅವನನ್ನು ಏಕವಚನದಲ್ಲಿ ಕರೆದವಳಲ್ಲ. ನೆಂಟರು ಮುಖ ಮುಖ ನೋಡಿಕೊಂಡರು, ಮಗಳು ತಡೆಯಲು ಎದ್ದು ಮತ್ತೆ ಕೂತಳು. ಬೈಯುತ್ತ ಬೈಯುತ್ತ ಅವಳ ದನಿ ಒಡೆಯಿತು. ಆಮೇಲೆ ಅಳು ಬಂತು, ಬಂದದ್ದು ಬೇಗ ನಿಲ್ಲಲಿಲ್ಲ.

ಕಣ್ಣೊರೆಸಿಕೊಂಡು ಎದ್ದಾಗ ಡಾಕ್ಟರು ಎದುರಿಗೆ ನಿಂತಿದ್ದರು. ಏನು ಮಾಡೋಣಮ್ಮ ಎಂದು ಮೆಲ್ಲಗೆ ಕೇಳಿದರು.

"ವ್ಯಾನಲ್ಲಿ ಹೋಗಲಿ ಅವರು. ನಾನೂ ಬರ್ತೀನಿ," ಎಂದಳು. "ನಿಮ್ಮ ಗಾಡಿಗಳೂ ಬರಲಿ. ಆದ್ರೆ ಯಾರೂ ಸ್ಟಾರ್ಟ್ ಮಾಡಬಾರದು. ತಳ್ಕೊಂಡು ಬನ್ನಿ."

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಪೇಟೆ ದಾಟಿದ ಮೇಲೆ ಸ್ಮಶಾನದ ದಾರಿ ಪೂರಾ ಏರು ಎಂದರು. ಅವಳು ಗೊತ್ತು ಎಂದಳು.

*

ವ್ಯಾನು ನಡಿಗೆಯ ವೇಗದಲ್ಲಿ ಮುಂದೆ ಹೋಯಿತು. ಹಿಂದೆ ಅವಳು, ಮಗಳು, ನೆಂಟರು. ಅವರ ಹಿಂದೆ ಗಾಡಿಗಳು, ಸದ್ದಿಲ್ಲದೆ. ಪೇಟೆಯ ಬೀದಿ ಸಪಾಟಾಗಿದ್ದುದರಿಂದ ಅಲ್ಲಿಯವರೆಗೆ ಕ್ಲಬ್ಬಿನವರ ಠೀವಿ ಕೆಡಲಿಲ್ಲ. ಎದೆ ಮುಂದೆ ಮಾಡಿ, ಒಂದೇ ಸಾಲಿನಲ್ಲಿ, ಹ್ಯಾಂಡಲ್ ಹಿಡಿದು ಬಂದರು. ಅಂಗಡಿಯವರು ಹೊರಗೆ ಬಂದು ನೋಡಿದರು.

ಏರು ಶುರುವಾದ ಮೇಲೆ ಸಾಲು ಮುರಿಯಿತು. ಅಂಥ ಗಾಡಿಗಳನ್ನು ಓಡಿಸುವುದಕ್ಕೆಂದು ಮಾಡಿದ್ದು, ತಳ್ಳುವುದಕ್ಕಲ್ಲ. ಒಬ್ಬೊಬ್ಬರಾಗಿ ಜಾಕೆಟ್ಟು ಕಳಚಿ ಸೀಟಿನ ಮೇಲೆ ಹಾಕಿದರು. ಅಂಗಿಗಳು ಬೆನ್ನಿಗೆ ಅಂಟಿಕೊಂಡವು, ಹೊಟ್ಟೆಗಳು ಬೆಲ್ಟಿನ ಮೇಲೆ ಇಳಿಬಿದ್ದವು. ಬೂಟು ಜಾರಿತು. ಯಾರೋ ಏದುಸಿರು ಬಿಡುತ್ತ ನಿಂತರು, ಯಾರೋ ಕೆಮ್ಮಿದರು. ದೊರೆ ಒಂದು ಕಣ್ಣು ಮುಚ್ಚಿ ನೋಡಿ ಒಪ್ಪುತ್ತೆ ಎಂದಿದ್ದವರಲ್ಲಿ ಒಬ್ಬರೂ ಈಗ ನೋಡಲು ಚೆನ್ನಾಗಿರಲಿಲ್ಲ. ಮೆಕ್ಯಾನಿಕ್ ಹಿಂದೆ ಮುಂದೆ ಓಡಾಡುತ್ತ, ಸೋತವರ ಗಾಡಿಗೆ ಹೆಗಲು ಕೊಡುತ್ತಿದ್ದ. ಚೀಲ ಹೆಗಲಿಗೇರಿಸಿದ ಮೇಷ್ಟ್ರೂ ಡಾಕ್ಟರ ಗಾಡಿಯನ್ನು ಹಿಂದಿನಿಂದ ತಳ್ಳುತ್ತಿದ್ದ.

ಸ್ಮಶಾನದ ಗೇಟಿಗೆ ಮೊದಲು ಒಂದು ತಿರುವು. ಅಲ್ಲಿ ಡಾಕ್ಟರ ಕಾಲು ತಪ್ಪಿತು. ಹ್ಯಾಂಡಲು ತಿರುಗಿ ಗಾಡಿ ಇಡಿಯಾಗಿ ಒಂದು ಕಡೆಗೆ ವಾಲಿತು. ಮೇಷ್ಟ್ರು ಹಿಡಿಯಲು ಹೋಗಿ ಅವನೂ ಅದರ ಕೆಳಕ್ಕೆ ಸರಿಯತೊಡಗಿದ. ಯಾರೋ ಕೂಗಿದರು. ಮುಂದೆ ನಡೆಯುತ್ತಿದ್ದ ಅವಳು ಅದನ್ನು ಕೇಳಿ, ಹಿಂತಿರುಗಿ ಓಡಿಬಂದು, ಎರಡೂ ಕೈ ಟ್ಯಾಂಕಿಗೆ ಕೊಟ್ಟು ಭುಜ ಒತ್ತಿ ನಿಂತಳು.

ಆ ಮಾದರಿಯ ಗಾಡಿಯನ್ನು ಅವಳು ಹತ್ತಾರು ವರ್ಷ ನೋಡಿದ್ದಳು, ಮುಟ್ಟಿರಲಿಲ್ಲ. ಅದು ಇಷ್ಟು ಭಾರವೆಂದು ಅವಳಿಗೆ ಗೊತ್ತಿರಲಿಲ್ಲ. ಬಿಸಿಲಿಗೆ ಕಾದ ಕಬ್ಬಿಣ ಕೆನ್ನೆಗೆ ಒತ್ತಿತು. ಎಷ್ಟು ಒತ್ತಿದರೂ ಅದು ಅವಳ ಕಡೆಗೇ ಬರುತ್ತಿತ್ತು. ಮಗಳು ಓಡಿಬಂದು, ಅಮ್ಮ ಬಿಡು, ನಿನ್ನ ಮೇಲೆ ಬೀಳುತ್ತೆ ಎಂದಳು. ಮೆಕ್ಯಾನಿಕ್ ಹ್ಯಾಂಡಲಿಗೆ ಕೈ ಹಾಕಿ, ಅತ್ತಿಗೆ, ಆಯ್ತು, ನೀವು ಸರ್ಕೊಳ್ಳಿ ಎಂದ.

"ನಾನು ಹಿಡ್ಕೊಂಡಿದೀನಿ," ಎಂದಳು ಅವಳು, ಹಲ್ಲು ಕಚ್ಚಿಕೊಂಡು. "ಮೊದಲು ಆ ಹುಡುಗನ್ನ ಈಚೆಗೆ ಎಳ್ಕೊಳ್ಳಿ."

ಮೇಷ್ಟ್ರನ್ನು ತೋಳು ಹಿಡಿದು ಈಚೆಗೆ ಎಳೆದರು. ಗಾಡಿಯನ್ನು ನಾಲ್ಕು ಜನ ಸೇರಿ ನೆಟ್ಟಗೆ ಮಾಡಿದರು. ಅವಳು ಮಾತ್ರ ಟ್ಯಾಂಕಿಗೆ ಒತ್ತಿದ ಕೈ ತೆಗೆಯಲಿಲ್ಲ, ಭುಜವನ್ನೂ ತೆಗೆಯಲಿಲ್ಲ. ತಿರುವಿನ ಆಚೆ ವ್ಯಾನು ನಿಂತು ಅವಳಿಗಾಗಿ ಕಾಯುತ್ತಿತ್ತು.